ಗೆರೆ ದಾಟಿಲ್ಲ

ಫೆಬ್ರವರಿ 9, ಸೋಮವಾರ

ಮಗು ಇನ್ನೂ ತಿರುಗಿಲ್ಲ. ಕಾಲು ಕೆಳಗೆ, ತಲೆ ಮೇಲೆ, ಬಸ್ಸಿನಲ್ಲಿ ಸೀಟು ಹಿಡಿದವರ ಹಾಗೆ ಗಟ್ಟಿಯಾಗಿ ಕೂತುಬಿಟ್ಟಿದೆ. ವೈದ್ಯೆ ಹೊಟ್ಟೆಯ ಮೇಲಿಂದ ಒತ್ತಿ ತಿರುಗಿಸಲು ಇವತ್ತೂ ನೋಡಿದರು. ಆಗಲಿಲ್ಲ. ಗುರುವಾರ ಬೆಳಿಗ್ಗೆ ಸಿಸೇರಿಯನ್ ಎಂದು ತೀರ್ಮಾನವಾಯಿತು.

"ಅಪ್ಪನ ಥರಾನೇ," ಎಂದಳು ನನ್ನ ಹೆಂಡತಿ. "ಬಾಗಿಲ ಕಡೆ ತಲೆ ಹಾಕಲ್ಲ."

ವೈದ್ಯೆ ನಕ್ಕು ನನ್ನ ಉದ್ಯೋಗ ಕೇಳಿದರು. ಹಳೆಯ ಕಟ್ಟಡಗಳ ಬಿರುಕು ಪರೀಕ್ಷಿಸುವುದು ಎಂದೆ. ಬಿರುಕಿನ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಬರೆದು ಬರುತ್ತೇವೆ. ಕೆಲವು ವಾರ ಬಿಟ್ಟು ಹೋದಾಗ ಬಿರುಕು ಆ ಗೆರೆ ದಾಟಿದ್ದರೆ ಅದು ಜೀವಂತ, ದಾಟದಿದ್ದರೆ ಸತ್ತದ್ದು. ಸತ್ತದ್ದಕ್ಕೆ ಗಾರೆ ಮೆತ್ತಿ ಮರೆಯಬಹುದು. ಗೋಡೆಗೆ ಮಾತ್ರ ಕೈ ಹಚ್ಚಬಾರದು. ಹಚ್ಚಿದರೆ ಅಂಚು ಉದುರುತ್ತದೆ, ಉದುರಿದ್ದು ಬಿರುಕಿನದೋ ಕೈಯದೋ ಆಮೇಲೆ ಯಾರೂ ಹೇಳಲಾರರು.

"ಅಂದ್ರೆ ಮನೆ ಬೀಳ್ತಾ ಇದ್ರೆ, ಎಷ್ಟು ಬಿತ್ತು ಅಂತ ಬರ್ಕೊಂಡು ಬರ್ತಾರೆ," ಎಂದು ಇವಳು ವೈದ್ಯೆಗೆ ಬಿಡಿಸಿ ಹೇಳಿದಳು.

ವಾಪಸು ಬರುವಾಗ ಸುಮ್ಮನಿದ್ದಳು. ಇವಳು ನಗರದ ಬಸ್ಸು ಓಡಿಸುವವಳು. ಹೊಟ್ಟೆ ಸ್ಟಿಯರಿಂಗಿಗೆ ತಾಗುವವರೆಗೂ ಓಡಿಸಿದಳು, ಆಮೇಲೆ ಡಿಪೋದವರೇ ಒತ್ತಾಯ ಮಾಡಿ ಇಳಿಸಿದರು. ಬೇರೆಯವರು ಕಾರು ನಡೆಸುವಾಗ ಪಕ್ಕದಲ್ಲಿ ಕೂತು ಸುಮ್ಮನಿರುವುದು ಅವಳಿಗೆ ಕಷ್ಟ. ಮನೆಯ ತಿರುವಿನಲ್ಲಿ ಹೇಳಿದಳು: "ನಾನಂತೂ ಆ ಗಾಯ ನೋಡಲ್ಲ. ರಸ್ತೇಲಿ ಏನಾದ್ರೂ ಆಗಿದ್ರೆ ಬಸ್ಸಲ್ಲಿರೋರೆಲ್ಲ ಕಿಟಕಿಗೆ ಮುಖ ಒತ್ತಿ ನೋಡ್ತಾರೆ. ನಾನು ನೋಡಲ್ಲ. ನೋಡಿದ್ರೆ ಮುಂದೆ ಓಡ್ಸೋಕಾಗಲ್ಲ. ನೀವು ನೋಡಿ. ಹೆಂಗಿದೆ ಅಂತ ನಿಜ ಹೇಳ್ಬೇಕು. ಸುಣ್ಣ ಬಳೀಬಾರ್ದು."

ಆಯಿತು ಎಂದೆ. ಕಷ್ಟದ ಕೆಲಸವೇನಲ್ಲ.

ಫೆಬ್ರವರಿ 12, ಗುರುವಾರ

ಹೆಣ್ಣು ಮಗು. ಇಬ್ಬರೂ ಕ್ಷೇಮ.

ನನಗೂ ಹಸಿರು ಅಂಗಿ, ಟೋಪಿ ಕೊಟ್ಟರು. ಅವಳ ತಲೆಯ ಪಕ್ಕದಲ್ಲಿ ಒಂದು ಸ್ಟೂಲು. ಎದೆಯ ಮೇಲೆ ಅಡ್ಡಲಾಗಿ ಪರದೆ ಕಟ್ಟಿದ್ದರು: ಈಚೆ ಮುಖ, ಆಚೆ ಕೆಲಸ. ಬೆನ್ನಿಗೆ ಕೊಟ್ಟ ಚುಚ್ಚುಮದ್ದಿನಿಂದ ಸೊಂಟದ ಕೆಳಗೆ ಅವಳಿಗೆ ಏನೂ ಗೊತ್ತಾಗುತ್ತಿರಲಿಲ್ಲ.

"ಕಾಲಿದೆಯಾ ನೋಡ್ರೀ," ಎಂದಳು.

ಇದೆ ಎಂದೆ.

ಆಚೆ ಕಡೆ ವೈದ್ಯೆ ತಮ್ಮ ಅಡುಗೆಮನೆಯ ಸೋರುವ ನಲ್ಲಿಯ ಬಗ್ಗೆ ಮಾತಾಡುತ್ತಿದ್ದರು. ಒಳ್ಳೆಯ ಲಕ್ಷಣ. ಕೆಲಸ ಕೆಟ್ಟಾಗ ಯಾರೂ ನಲ್ಲಿಯ ಸುದ್ದಿ ಎತ್ತುವುದಿಲ್ಲ.

"ಎದ್ದು ನೋಡಿ, ಹೇಳಿ," ಎಂದಳು. ಎದ್ದು ಪರದೆಯ ಮೇಲಿಂದ ನೋಡಿದೆ. ಕೊಯ್ದ ಜಾಗ ನಾನು ಎಣಿಸಿದ್ದಕ್ಕಿಂತ ಚಿಕ್ಕದಿತ್ತು. ಇಬ್ಬರು ಎರಡು ಕಡೆಯಿಂದ ಅದನ್ನು ಬೆರಳಿನಿಂದಲೇ ಎಳೆದು ಅಗಲಿಸುತ್ತಿದ್ದರು, ಬಿಗಿದ ಚೀಲದ ಬಾಯಿ ಬಿಡಿಸುವವರ ಹಾಗೆ. ಇದಕ್ಕೆ ಇಷ್ಟು ತೋಳ್ಬಲ ಬೇಕೆಂದು ನನಗೆ ತಿಳಿದಿರಲಿಲ್ಲ. ಮೇಜು ಅಲುಗುತ್ತಿತ್ತು. ಅದರ ಜೊತೆ ಅವಳ ತಲೆಯೂ.

"ಏನ್ ಮಾಡ್ತಿದಾರೆ?"

"ಅಗಲ ಮಾಡ್ತಿದಾರೆ."

"ಯಾರೋ ಹೊಟ್ಟೇಲಿ ಬೀರು ಸರಿಸ್ತಿದ್ದಂಗಿದೆ."

"ಹೆಚ್ಚುಕಮ್ಮಿ ಹಾಗೇ."

ಅರಿವಳಿಕೆಯ ವೈದ್ಯ ನನ್ನ ಭುಜ ಒತ್ತಿದ. "ಕೂತ್ಕೊಳ್ಳಿ ಸಾರ್. ಗಂಡಂದಿರು ಬಿದ್ರೆ ಎತ್ತೋಕೆ ಇಲ್ಲಿ ಯಾರ ಕೈಯೂ ಖಾಲಿ ಇಲ್ಲ." ನನಗೇನೂ ಆಗುವುದಿಲ್ಲ ಎಂದೆ. ಆಗಲೂ ಇಲ್ಲ. ಮೊದಲು ಕಾಲುಗಳು ಬಂದವು, ಆಮೇಲೆ ಬೆನ್ನು, ಕೊನೆಗೆ ತಲೆ. ಬಣ್ಣ ಬೂದಿಗಪ್ಪು, ನೋಡುತ್ತಿದ್ದಂತೆ ಕೆಂಪಾಯಿತು. ನಂತರ ಶಬ್ದ.

ನರ್ಸ್ ಬಟ್ಟೆಯಲ್ಲಿ ಸುತ್ತಿ ತಂದಾಗ ಇವಳ ಕೈಗಳಿಗೆ ನಳಿಗೆ, ಪಟ್ಟಿ. ಕೆನ್ನೆಯಿಂದಲೇ ಮುಟ್ಟಿ ನೋಡಿದಳು. ಆಮೇಲೆ ನನ್ನ ಕಡೆ ಚಾಚಿದರು. ಕೈ ತೊಳೆದಿಲ್ಲ, ತೊಟ್ಟಿಲಲ್ಲೇ ಇರಲಿ ಎಂದೆ. ಒಳಗೆ ಬರುವ ಮೊದಲೇ ಮೊಣಕೈವರೆಗೆ ತೊಳೆಸಿದ್ದರು ಎಂದು ಆಮೇಲೆ ನೆನಪಾಯಿತು.

ಫೆಬ್ರವರಿ 13, ಶುಕ್ರವಾರ

ಎದ್ದು ನಿಂತಳು. ಬೈದಳು. ಕೂತಳು.

ಫೆಬ್ರವರಿ 14, ಶನಿವಾರ

ಪಟ್ಟಿ ಬಿಚ್ಚಿದರು. ಇವಳು ಕಿಟಕಿಯ ಕಡೆ ತಿರುಗಿಕೊಂಡಳು. ಅಲ್ಲಿ ನೀರಿನ ಟ್ಯಾಂಕು ಬಿಟ್ಟರೆ ನೋಡುವಂಥದ್ದೇನೂ ಇರಲಿಲ್ಲ.

"ಹೆಂಗಿದೆ?"

"ನೇರವಾಗಿದೆ. ಎಡಗಡೆ ತುದಿ ಒಂಚೂರು ಮೇಲಕ್ಕೆ ಹೋಗಿದೆ. ಅಂಚುಗಳು ಕೂಡಿವೆ."

"ನಗ್ತಿರೋ ಬಾಯಿ ಥರಾನಾ?"

"ಇಲ್ಲ. ಮುಚ್ಚಿರೋ ಬಾಯಿ."

"ಸದ್ಯ. ಮನೇಲಿ ಒಂದಾದ್ರೂ ಮುಚ್ಚಿರ್ಲಿ."

ಕೆಂಪಾದರೆ, ಕೀವು ಕಂಡರೆ, ಜ್ವರ ಬಂದರೆ ತಡಮಾಡದೆ ಬನ್ನಿ ಎಂದು ನರ್ಸ್ ಹೇಳಿದರು. ಎಲ್ಲರಿಗೂ ಹೇಳುವ ಮಾತಿನ ಧಾಟಿಯಲ್ಲಿ ಹೇಳಿದರು.

ಫೆಬ್ರವರಿ 16, ಸೋಮವಾರ

ಮನೆಗೆ ಬಂದೆವು. ಅತ್ತೆ ಮೊದಲೇ ಬಂದು ಎಲ್ಲ ಪಾತ್ರೆಗಳ ಜಾಗ ಬದಲಿಸಿದ್ದಾರೆ. ಮಂಚವನ್ನು ಗೋಡೆಯಿಂದ ಈಚೆ ಎಳೆದೆ. ಅವಳು ಎಡಮಗ್ಗುಲಿಗೆ ಹೊರಳಿ, ಮೊಣಕೈ ಊರಿ, ಆಮೇಲೆ ಕಾಲು ಇಳಿಸಬೇಕು. ಕೆಮ್ಮು ಬಂದಾಗ ಹೊಟ್ಟೆಗೆ ದಿಂಬು ಒತ್ತಿಕೊಳ್ಳುತ್ತಾಳೆ. ನಗು ಬಂದಾಗಲೂ. ಹಾಗಾಗಿ ಅವಳನ್ನು ನಗಿಸಬಾರದೆಂದು ಅತ್ತೆ ನನಗೆ ಅಪ್ಪಣೆ ಮಾಡಿದರು. "ಇವ್ರಿಂದ ಆ ಭಯ ಇಲ್ಲಮ್ಮ," ಎಂದಳು.

ಮಗು ಹೆಚ್ಚಾಗಿ ನಿದ್ದೆ ಮಾಡುತ್ತದೆ. "ಅಳಿಯಂದಿರೇ, ಎತ್ಕೊಂಡ್ರೆ ಮುರ್ದೇನೂ ಹೋಗಲ್ಲ," ಎಂದರು ಅತ್ತೆ. ಕುತ್ತಿಗೆ ನಿಲ್ಲಲಿ ಎಂದೆ.

ಫೆಬ್ರವರಿ 19, ಗುರುವಾರ

ಗಾಯದ ಎಡತುದಿಯಲ್ಲಿ ಸ್ವಲ್ಪ ಕೆಂಪು. ಹುಣಸೆ ಬೀಜದಷ್ಟು. ಉಡುಪಿನ ಪಟ್ಟಿ ಉಜ್ಜಿರಬಹುದು. ಬೆಳೆಯುತ್ತಿದೆಯೋ ನಿಂತಿದೆಯೋ ತಿಳಿಯದೆ ಆಸ್ಪತ್ರೆಗೆ ಓಡುವುದರಲ್ಲಿ ಅರ್ಥವಿಲ್ಲ. ಕೆಂಪಿನ ಅಂಚಿಗೆ ಸರಿಯಾಗಿ ಬಾಲ್‌ಪೆನ್ನಿನಿಂದ ಸುತ್ತ ಗೆರೆ ಎಳೆದೆ. ಬೆರಳು ತಾಗದಂತೆ.

"ಕಚಗುಳಿ ಆಗತ್ತೆ. ಏನ್ ಬರೀತಿದೀರಾ?"

"ಗೆರೆ. ಇದನ್ನ ದಾಟಿದ್ರೆ ಡಾಕ್ಟರ ಹತ್ರ ಹೋಗೋಣ."

"ತಾರೀಖೂ ಹಾಕಿ. ಮುನ್ಸಿಪಾಲಿಟಿಯೋರು ಬಂದು ಕೆಡವಿ ಹೋಗ್ಲಿ."

ದಿಂಬು ಒತ್ತಿಕೊಂಡಳು.

ಫೆಬ್ರವರಿ 20, ಶುಕ್ರವಾರ

ಸ್ನಾನದಲ್ಲಿ ಗೆರೆ ಮಾಸಿತ್ತು. ಕೆಂಪಿನ ಅಂಚು ನೋಡಿಕೊಂಡು ಮತ್ತೆ ತಿದ್ದಿದೆ. ದಾಟಿಲ್ಲ. ಹೇಳಿದೆ.

ಫೆಬ್ರವರಿ 21, ಶನಿವಾರ

ಗೆರೆ ತಿದ್ದಿದೆ. ದಾಟಿಲ್ಲ.

ಬೆಳಿಗ್ಗೆ, ನಾವು ಬಿರುಕು ಗುರುತು ಹಾಕಿಟ್ಟ ಒಂದು ಶಾಲೆಯ ಕಟ್ಟಡಕ್ಕೆ ಹೋಗಿ ಬಂದೆ. ಮೆಟ್ಟಿಲ ಪಕ್ಕದ ಗೋಡೆ ಸುಮ್ಮನಿದೆ. ಜೊತೆಗೆ ಬಂದಿದ್ದವನು ರಸಮಟ್ಟ. ಯಾವ ಸುದ್ದಿ ಕೇಳಿದರೂ ಅತ್ತಿತ್ತ ವಾಲುವುದಿಲ್ಲವೆಂದು, ಗಾರೆಯವರು ಮಟ್ಟ ನೋಡುವ ಉಪಕರಣದ ಹೆಸರನ್ನೇ ಕಚೇರಿಯಲ್ಲಿ ಅವನಿಗೆ ಇಟ್ಟಿದ್ದಾರೆ. ಮಗು ಯಾರ ಹಾಗಿದೆ ಎಂದು ಕೇಳಿದ. ಸರಿಯಾಗಿ ನೋಡಿಲ್ಲ ಎಂದೆ. ಅವನು ಸ್ವಲ್ಪ ವಾಲಿದ.

ಫೆಬ್ರವರಿ 23, ಸೋಮವಾರ

ನಿನ್ನೆಯಿಂದ ಮೈಕೈ ನೋವು ಎನ್ನುತ್ತಾಳೆ. ಮಧ್ಯಾಹ್ನ ಬಿಸಿಲಿದ್ದರೂ ಹೊದಿಕೆ ಕೇಳಿದಳು. ಅತ್ತೆ ಹಣೆ ಮುಟ್ಟಿ, ಹಾಲು ಕಟ್ಟಿಕೊಂಡಿರಬೇಕು, ನನಗೂ ಹೀಗೇ ಆಗಿತ್ತು ಎಂದರು.

"ಕೆಳಗೆ ಎಡಗಡೆ ಸೆಳೀತಿದೆ," ಎಂದಳು.

ನೋಡಿದೆ. ಗೆರೆಯ ಒಳಗೇ ಇದೆ. ಹಾಗೆಂದೆ.

"ಗೆರೆ ದಾಟಿಲ್ವಂತೆ ಅಮ್ಮ. ಹಾಲೇ ಇರ್ಬೇಕು ಬಿಡು."

ಮಗು ಸಂಜೆಯೆಲ್ಲ ಅತ್ತಿತು. ಕಾರಣ ತಿಳಿಯಲಿಲ್ಲ.

ಫೆಬ್ರವರಿ 24, ಮಂಗಳವಾರ

ಇವತ್ತು ಮಂಚದ ಬದಲು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಗೆರೆ ತಿದ್ದಲು ಬಗ್ಗಿದೆ. ಬೆಳಕು ಅಡ್ಡಲಾಗಿ ಬೀಳುತ್ತಿತ್ತು. ನಾನು ನಿನ್ನೆ ಎಳೆದ ಗೆರೆಯ ಒಳಗೆ ಇನ್ನೊಂದು ಗೆರೆ ಕಂಡಿತು, ಮಾಸಿದ್ದು. ಅದರೊಳಗೆ ಮತ್ತೊಂದು, ಇನ್ನೂ ಮಾಸಿದ್ದು. ಎಲ್ಲಕ್ಕಿಂತ ಒಳಗಿನದು ಹುಣಸೆ ಬೀಜದಷ್ಟು.

ಗೋಡೆ ಸ್ನಾನ ಮಾಡುವುದಿಲ್ಲ. ಗೋಡೆಯ ಮೇಲಿನ ಗೆರೆಯನ್ನು ನಾನು ಎಂದೂ ತಿದ್ದಿದವನಲ್ಲ. ಇಲ್ಲಿ ದಿನವೂ ಆ ದಿನದ ಅಂಚಿಗೇ ತಿದ್ದಿ, ದಾಟಿಲ್ಲ ಎಂದು ಹೇಳುತ್ತ ಬಂದಿದ್ದೇನೆ.

ಅಂಗೈ ಇಟ್ಟೆ. ಬಿಸಿ. ಚರ್ಮ ಹಿಗ್ಗಿ ಗಟ್ಟಿಯಾಗಿತ್ತು. ಅವಳು ಉಸಿರು ಒಳಗೆಳೆದುಕೊಂಡಳು.

"ಏನು?"

"ಏನಿಲ್ಲ." ಆಮೇಲೆ, "ಅಲ್ಲ, ಇದೆ. ಈಗಲೇ ಹೊರಡೋಣ," ಎಂದೆ.

ಅವಳು ಎದ್ದು ನಿಲ್ಲಲು ಹೋದಳು, ಆಗಲಿಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು. ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಿದೆ. ಅತ್ತೆ ಮಗುವನ್ನು ಸುತ್ತಿಕೊಂಡು ಹಿಂದೆ ಬಂದರು. ಚಪ್ಪಲಿ ಯಾರೂ ಹಾಕಿಕೊಂಡಿರಲಿಲ್ಲ ಎಂದು ಆಸ್ಪತ್ರೆಯ ನೆಲ ಕಾಲಿಗೆ ತಣ್ಣಗೆ ತಾಗಿದಾಗ ಗೊತ್ತಾಯಿತು.

"ಯಾವಾಗಿಂದ ಹೀಗಿದೆ?" ಎಂದರು ವೈದ್ಯೆ.

"ಇವ್ರನ್ನ ಕೇಳಿ. ದಿನಾ ನೋಡ್ತಿರೋರು ಇವ್ರು."

ಗುರುವಾರದಿಂದ ಎಂದೆ. ವೈದ್ಯೆ ತಲೆಯೆತ್ತಿ ನನ್ನನ್ನು ನೋಡಿ ಕೈಗವಸು ಹಾಕಿಕೊಂಡರು.

ಫೆಬ್ರವರಿ 25, ಬುಧವಾರ

ಎಡಗಡೆ ಅರ್ಧದಷ್ಟು ಹೊಲಿಗೆ ಬಿಚ್ಚಿ ಕೀವು ತೆಗೆದರು. ಸೋಂಕು ರಕ್ತಕ್ಕೆ ಸೇರಿದ್ದರೆ ಮಾತು ಬೇರೆಯಂತೆ. ಸೇರಿದೆಯೋ ಇಲ್ಲವೋ ಇನ್ನೂ ತಿಳಿದಿಲ್ಲ, ಪರೀಕ್ಷೆಗೆ ಕಳಿಸಿದ್ದಾರೆ. ಔಷಧಿ ನಳಿಗೆಯಲ್ಲಿ ಇಳಿಯುತ್ತಿದೆ.

ಗಾಯವನ್ನು ಮತ್ತೆ ಹೊಲಿಯುವುದಿಲ್ಲ. ತೆರೆದೇ ಬಿಡುತ್ತಾರೆ. "ಮೇಲ್ಗಡೆ ಮುಚ್ಚಿದ್ರೆ ಒಳಗೆ ಮತ್ತೆ ಕೊಳೆಯುತ್ತೆ," ಎಂದರು ವೈದ್ಯೆ. "ತಳದಿಂದ ತುಂಬ್ಕೊಂಡು ಬರ್ಬೇಕು. ದಿನಾ ಉಪ್ಪುನೀರಲ್ಲಿ ಅದ್ದಿದ ಗಾಜ್ ಬಟ್ಟೆ ಒಳಗೆ ತುಂಬಿ, ತೆಗೆದು, ಮತ್ತೆ ತುಂಬಬೇಕು. ನಿಧಾನ. ಬೇರೆ ದಾರಿ ಇಲ್ಲ."

ಇವಳು ಕಣ್ಣು ಮುಚ್ಚಿಕೊಂಡಿದ್ದಳು. ಹೇಗಿದೆ ಎಂದು ಕೇಳಲಿಲ್ಲ.

ಫೆಬ್ರವರಿ 26, ಗುರುವಾರ

ಜ್ವರ ಇಳಿದಿದೆ. ರಕ್ತಕ್ಕೆ ಸೇರಿಲ್ಲ.

ಅತ್ತೆ ಕೆಳಗೆ ಚಹಾಕ್ಕೆ ಹೋದಾಗ ಹೇಳಿದೆ. ಗೆರೆ ಮಾಸುತ್ತಿತ್ತು, ನಾನು ತಿದ್ದುತ್ತಿದ್ದೆ, ತಿದ್ದುವಾಗ ಹಳೆಯ ಜಾಗ ಬಿಟ್ಟು ಹೊಸ ಅಂಚಿಗೆ ತಿದ್ದಿದೆ. ದಾಟಿಲ್ಲ ಎಂದದ್ದು ಸುಳ್ಳಾಗಿತ್ತು, ನನಗೆ ತಿಳಿಯದೆಯೇ.

"ನಾನು ನೋವು ಅಂದೆ," ಎಂದಳು. "ನೀವು ಗೆರೆ ನೋಡಿದ್ರಿ."

ಹೌದು ಎಂದೆ.

"ನಂಗೇ ಅನ್ಸಿತ್ತು, ಇದು ಹಾಲಲ್ಲ ಅಂತ. ಆದ್ರೂ ನೀವು ಹೇಳಿದ್ದನ್ನೇ ನಂಬ್ಕೊಂಡೆ. ನನ್ನ ಮೈ ನಂಗೆ ಹೇಳ್ತಿತ್ತು, ನಾನು ಅದಕ್ಕೇ ಸುಮ್ನಿರು ಅಂದೆ." ಕೆಮ್ಮು ಬಂತು. ದಿಂಬು ದೂರವಿತ್ತು, ನಾನು ಕೊಡುವಷ್ಟರಲ್ಲಿ ಅವಳೇ ಎಳೆದುಕೊಂಡಳು. "ಮನೆಗೆ ಹೋದ್ಮೇಲೆ ಅಮ್ಮನೇ ಪಟ್ಟಿ ಕಟ್ಲಿ."

ಅತ್ತೆ ಮೂರು ಲೋಟ ಚಹಾ ತಂದಿದ್ದರು. ಕುಡಿದೆವು.

ಮಾರ್ಚ್ 2, ಸೋಮವಾರ

ಮನೆ. ಬೆಳಿಗ್ಗೆ ಅತ್ತೆ ಕೋಣೆಯ ಬಾಗಿಲು ಹಾಕಿಕೊಂಡು ಪಟ್ಟಿ ಬದಲಿಸುತ್ತಾರೆ. ಆ ಹೊತ್ತಿಗೆ ಮಗುವನ್ನು ಹಿಡಿಯಲು ಬೇರೆ ಯಾರೂ ಇಲ್ಲದ್ದರಿಂದ ನಾನು ಹಿಡಿದುಕೊಂಡು ಹೊರಗೆ ನಿಲ್ಲುತ್ತೇನೆ. ಒಳಗಿನಿಂದ ಶಬ್ದ ಬರುತ್ತದೆ. ಕೂಗಲ್ಲ, ಬಸ್ಸಿನ ಬಾಗಿಲು ಗಾಳಿ ಬಿಡುವ ಹಾಗೆ ಒಂದು ಉಸಿರು. ಆ ಶಬ್ದ ಬಂದಾಗಲೆಲ್ಲ ಮಗು ನನ್ನ ಬೆರಳು ಬಿಗಿಹಿಡಿಯುತ್ತದೆ, ಅಥವಾ ನಾನೇ ಮಗುವನ್ನು ಬಿಗಿಹಿಡಿಯುತ್ತೇನೋ ಏನೋ.

ಹೆಂಡತಿ ನನ್ನೊಂದಿಗೆ ಮಾತಾಡುತ್ತಾಳೆ. ನೀರು, ಕಿಟಕಿ, ಔಷಧಿ. ತಮಾಷೆ ಮಾಡುವುದಿಲ್ಲ.

ಮಾರ್ಚ್ 5, ಗುರುವಾರ

ಶಾಲೆಯ ಗೋಡೆಗೆ ಇವತ್ತು ಹೋಗಬೇಕಿತ್ತು. ರಸಮಟ್ಟ ಫೋನ್ ಮಾಡಿದ ಮೇಲೆ ನೆನಪಾಯಿತು.

"ಏನ್ ಮಾಡ್ತಿದ್ರಿ ಸಾರ್?"

"ಮಗಳಿಗೆ ತೇಗು ಬರ್ಬೇಕಿತ್ತು. ಬರ್ಲಿಲ್ಲ."

"ಓ," ಎಂದ. ಒಂದು ಕ್ಷಣ ಬಿಟ್ಟು, "ಗೋಡೆ ಎಲ್ಲಿಗೂ ಓಡಿಹೋಗಲ್ಲ ಬಿಡಿ," ಎಂದ.

ಮಗಳನ್ನು ಎಡಭುಜಕ್ಕೆ ಹಾಕಿಕೊಂಡರೆ ತೇಗು ಬೇಗ ಬರುತ್ತದೆ. ಬಲಕ್ಕೆ ಬರುವುದಿಲ್ಲ.

ಮಾರ್ಚ್ 8, ಭಾನುವಾರ

ಅತ್ತೆಗೆ ನೆಗಡಿ. ತಡೆಯಿಲ್ಲದೆ ಸೀನುತ್ತಿದ್ದಾರೆ. ಗಾಯದ ಹತ್ತಿರವೂ ಬರಬಾರದು, ಮಗುವಿನ ಹತ್ತಿರವೂ. ಅಡುಗೆಮನೆಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ತಮ್ಮನ್ನು ಜೈಲಿಗೆ ಹಾಕಿದ್ದಾರೆಂದು ಗೊಣಗುತ್ತಿದ್ದಾರೆ.

ಬೆಳಿಗ್ಗೆ ಹೆಂಡತಿ ಕೋಣೆಯಿಂದ ಕರೆದಳು. "ಇನ್ಯಾರಿದಾರೆ. ನೀವೇ ಬನ್ನಿ."

ಮಗಳನ್ನು ಅವಳ ಪಕ್ಕ ಮಲಗಿಸಿ ಕೈ ತೊಳೆದುಕೊಂಡೆ. ಮತ್ತೊಮ್ಮೆ ತೊಳೆದುಕೊಂಡೆ.

ಮೊದಲು ಹಳೆಯ ಬಟ್ಟೆಯನ್ನು ನೀರು ಬಿಟ್ಟು ನೆನೆಸಿ ಬಿಡಿಸಬೇಕು. ಒಣಗಿದ್ದನ್ನು ಎಳೆದರೆ ಹೊಸ ಮಾಂಸ ಕಿತ್ತು ಬರುತ್ತದೆ. ಅತ್ತೆ ಬಾಗಿಲ ಆಚೆಯಿಂದ ಒಂದೊಂದೇ ಹೇಳುತ್ತಿದ್ದರು, ನಡುನಡುವೆ ಸೀನುತ್ತ. ಬಟ್ಟೆ ಬಂದುಬಿಟ್ಟಿತು. ಆಳ ನಾನು ಅಂದುಕೊಂಡದ್ದಕ್ಕಿಂತ ಹೆಚ್ಚಿತ್ತು. ಬೆರಳು ಹಾಕದೆ ತುಂಬಲು ಬರುವುದಿಲ್ಲ.

"ನೋವಾದ್ರೆ ಹೇಳು," ಎಂದೆ.

"ಹೇಳಿದ್ದೆ ಒಂದ್ಸಲ."

ತುಂಬಿದೆ. ಆ ಉಸಿರು ಹತ್ತಿರದಿಂದ ಬೇರೆ ರೀತಿ ಕೇಳಿಸುತ್ತದೆ. ಮುಗಿದ ಮೇಲೆ ನನ್ನ ಮಣಿಕಟ್ಟಿನ ಮೇಲೆ ಅವಳ ಉಗುರಿನ ಗುರುತುಗಳಿದ್ದವು. ಯಾವಾಗ ಹಿಡಿದಳೋ.

ಮಾರ್ಚ್ 9, ಸೋಮವಾರ

ಪಟ್ಟಿ. ನೆನೆಸಲು ಹೆಚ್ಚು ಹೊತ್ತು ಬಿಟ್ಟೆ. ಕಡಿಮೆ ನೋವಾಯಿತಂತೆ.

ಮಾರ್ಚ್ 11, ಬುಧವಾರ

ನೀರನ್ನು ಸ್ವಲ್ಪ ಬೆಚ್ಚಗೆ ಮಾಡಿಕೊಂಡರೆ ಮೈ ಬಿಗಿಯುವುದಿಲ್ಲ. ಮೊದಲು ಹೊಟ್ಟೆಯ ಮೇಲೆ ಸುಮ್ಮನೆ ಕೈ ಇಟ್ಟು, ಅವಳು ಉಸಿರು ಬಿಟ್ಟ ಮೇಲೆ ಶುರುಮಾಡಬೇಕು. ಇದನ್ನು ಯಾರೂ ಹೇಳಿಕೊಟ್ಟಿಲ್ಲ.

ಅತ್ತೆಯ ನೆಗಡಿ ವಾಸಿಯಾಗಿದೆ. ನಾಳೆಯಿಂದ ತಾವೇ ಮಾಡುತ್ತೇನೆ ಎಂದರು. ಹೆಂಡತಿ ಮಗಳ ಉಗುರು ನೋಡುತ್ತ, "ಇರ್ಲಿ ಬಿಡಮ್ಮ, ಇವ್ರ ಕೈ ಬಿಸಿ ಇರತ್ತೆ," ಎಂದಳು.

ಮಾರ್ಚ್ 14, ಶನಿವಾರ

ಕಚೇರಿಗೆ ಹೋಗಿ ಬಂದೆ. ಏನೂ ವಿಶೇಷವಿಲ್ಲ. ಬೇಗ ಬಂದೆ.

ಮಗಳು ಇವತ್ತು ಫ್ಯಾನ್ ನೋಡಿ ನಕ್ಕಳು. ಅದು ನಗುವಲ್ಲ, ಹೊಟ್ಟೆಯ ಗಾಳಿ ಎಂದರು ಅತ್ತೆ. ನಗುವೇ.

ಮಾರ್ಚ್ 18, ಬುಧವಾರ

ಬೆಳಿಗ್ಗೆ ಪಟ್ಟಿ ಬದಲಿಸಿ ಅಂಟುಟೇಪು ಹಚ್ಚುತ್ತಿದ್ದಾಗ, ಆಸ್ಪತ್ರೆಯಲ್ಲಿ ನಾನು ಗೆರೆಯ ವಿಷಯ ಹೇಳಿದ ಆ ಗುರುವಾರದ ನಂತರ ಮೊದಲ ಬಾರಿಗೆ ಕೇಳಿದಳು.

"ಹೆಂಗಿದೆ?"

ಹೇಳಲು ಬಾಯಿ ತೆರೆದೆ. ಬಟ್ಟೆ ಬಿಚ್ಚಿ, ತೊಳೆದು, ತುಂಬಿ ಮುಗಿಸುವವರೆಗೂ ನಾನು ನೋಡುತ್ತಿದ್ದದ್ದು ಅವಳ ಮುಖವನ್ನು; ಎಲ್ಲಿ ಹುಬ್ಬು ಗಂಟಾಗುತ್ತದೆ, ಎಲ್ಲಿ ಸಡಿಲವಾಗುತ್ತದೆ ಎಂದು. ಕೈ ತನ್ನ ಕೆಲಸ ತಾನು ಮಾಡಿತ್ತು. ನಿನ್ನೆಯೂ ಹಾಗೆಯೇ. ಮೊನ್ನೆಯದೂ ನೆನಪಿಲ್ಲ.

"ಗೊತ್ತಿಲ್ಲ," ಎಂದೆ. "ನೋಡ್ಲಿಲ್ಲ."

ಅವಳು ನನ್ನನ್ನು ದಿಟ್ಟಿಸಿದಳು. ಕೋಪ ಬರಬಹುದೆಂದುಕೊಂಡೆ.

"ಮತ್ತೆ ಬಿಚ್ಚಿ," ಎಂದಳು. "ಕನ್ನಡಿ ತನ್ನಿ. ನಾನೇ ನೋಡ್ತೀನಿ."

ಮನೆಯಲ್ಲಿ ಅಷ್ಟಗಲದ ಕನ್ನಡಿ ಇರುವುದು ಬಚ್ಚಲಮನೆಯ ಗೋಡೆಯಲ್ಲಿ ಮಾತ್ರ. ಸ್ಕ್ರೂಗಳು ತುಕ್ಕು ಹಿಡಿದಿದ್ದವು. ಬಿಚ್ಚುವಾಗ ಗೋಡೆಯ ಎರಡು ಟೈಲು ಉದುರಿದವು. ಅತ್ತೆ ಓಡಿಬಂದು, ಏನು ಕೆಡವುತ್ತಿದ್ದೀರಿ ಅಳಿಯಂದಿರೇ ಎಂದರು. ಉತ್ತರ ಕೊಡಲು ಪುರುಸೊತ್ತಿರಲಿಲ್ಲ. ಒರೆಸಿ ತಂದು ಮಂಚದ ಬುಡದಲ್ಲಿ ನಿಂತು ಹಿಡಿದೆ.

"ಎಡಕ್ಕೆ," ಎಂದಳು. "ಇನ್ನೂ ಸ್ವಲ್ಪ. ಕೆಳಗೆ ಬಗ್ಗಿಸಿ. ಹಾಂ, ಅಷ್ಟೇ."

ನಾನು ಕನ್ನಡಿಯ ಹಿಂದೆ ಇದ್ದೆ. ಕಣ್ಣ ಮುಂದೆ ಕಂದುಬಣ್ಣದ ಹಲಗೆ ಮತ್ತು ಅದಕ್ಕಂಟಿದ ಗಾರೆ. ಅವಳ ಮುಖ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಮಗಳು ಏನೋ ಗುರುಗುಟ್ಟಿದಳು. ಯಾರೂ ಅತ್ತ ತಿರುಗಲಿಲ್ಲ.

ತಡೆಯಲಾಗದೆ ನಾನೇ ಕೇಳಿದೆ.

"ಹೇಗಿದೆ?"

"ಮೊದ್ಲು ಕನ್ನಡಿ ಅಲ್ಲಾಡ್ಸೋದು ನಿಲ್ಸಿ," ಎಂದಳು. "ಏನೂ ಕಾಣ್ತಿಲ್ಲ."